ಶನಿವಾರ ಹೋಗಿ ಭಾನುವಾರ ಬರುವ ಪರದೇಶ

ಪರದೇಶ ಪ್ರವಾಸವೆಂದರೆ ನಮ್ಮ ಕಡೆಯ ಜನಕ್ಕೆ ಅದೊಂದು ದೊಡ್ಡ ಸಂಗತಿ. ತಿಂಗಳುಗಟ್ಟಲೆ ಸಿದ್ಧತೆ, ಪಾಸ್‌ಪೋರ್ಟಿಗಾಗಿ ಓಡಾಟ, ಹೊರಡುವ ದಿನ ನೆಂಟರಿಷ್ಟರೆಲ್ಲ ಸೇರಿ ಬೀಳ್ಕೊಡುವುದು, ಹೋದವರು ಹಿಂದಿರುಗಿದ ಮೇಲೆ ವರ್ಷಗಟ್ಟಲೆ ಅದರದೇ ಮಾತು. ಪಶ್ಚಿಮ ಯೂರೋಪಿನಲ್ಲಾದರೋ ಇನ್ನೊಂದು ದೇಶಕ್ಕೆ ಹೋಗುವುದು ಜಾತ್ರೆಗೆ ಹೋಗಿ ಬಂದಷ್ಟೇ ಸಲೀಸಾಗಿದೆ. ಲಂಡನ್ನಿನ ಗುಮಾಸ್ತನೊಬ್ಬ ಶನಿವಾರ ಬೆಳಗ್ಗೆ ರೈಲು ಹತ್ತಿ ಪ್ಯಾರಿಸಿನಲ್ಲಿ ಮಧ್ಯಾಹ್ನದ ಊಟ ಮಾಡಬಹುದು. ಭಾನುವಾರ ಸಂಜೆ ಅಲ್ಲಿಂದ ಹೊರಟು ರಾತ್ರಿ ತನ್ನ ಮನೆಯಲ್ಲಿ ಮಲಗಿ, ಸೋಮವಾರ ಎಂದಿನಂತೆ ಕಚೇರಿಗೆ ಹಾಜರಾಗಬಹುದು. ನಡುವೆ ಒಂದು ಸಮುದ್ರವನ್ನು ಎರಡು ಸಲ ದಾಟಿರುತ್ತಾನೆ. ಇದು ಹೇಗೆ ಸಾಧ್ಯವಾಯಿತು, ಯಾರಿಗೆ ಸಾಧ್ಯವಾಯಿತು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ದೂರದ ಲೆಕ್ಕ. ಲಂಡನ್ನಿನಿಂದ ಪ್ಯಾರಿಸಿಗೆ ರೈಲು ದಾರಿ 492 ಕಿ.ಮೀ. ಬೆಂಗಳೂರಿನಿಂದ ಧಾರವಾಡಕ್ಕೂ ಹೆಚ್ಚುಕಡಿಮೆ ಅಷ್ಟೇ. ನಮ್ಮಲ್ಲಿ 2023ರ ಜೂನ್ ತಿಂಗಳಲ್ಲಿ ಓಡಲಾರಂಭಿಸಿದ ವಂದೇ ಭಾರತ್ ಗಾಡಿ, ಈ ಮಾರ್ಗದ ಚುರುಕಾದ ಗಾಡಿ, ಆ ದೂರಕ್ಕೆ ಆರು ಗಂಟೆಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಅಲ್ಲಿನ ಯೂರೋಸ್ಟಾರ್ ಎಂಬ ಗಾಡಿಗೆ ಬೇಕಾಗುವುದು ಸುಮಾರು ಎರಡೂಕಾಲು ಗಂಟೆ ಮಾತ್ರ. ಲಂಡನ್ನಿನಿಂದ ಬೆಲ್ಜಿಯಮ್ಮಿನ ರಾಜಧಾನಿ ಬ್ರಸೆಲ್ಸಿಗೆ ಎರಡು ಗಂಟೆ. ಹಾಲೆಂಡಿನ ಆಮ್‌ಸ್ಟರ್‌ಡಾಮಿಗೆ ನಾಲ್ಕು ಗಂಟೆ.

ಇದಕ್ಕೆಲ್ಲ ಅಡ್ಡವಾಗಿದ್ದುದು ಇಂಗ್ಲಿಷ್ ಕಡಲ್ಗಾಲುವೆ. ಅಗಲ ಕಿರಿದಾದ ಕಡೆ ಅದು ಸುಮಾರು 34 ಕಿ.ಮೀ. ಮಾತ್ರ, ಆದರೆ ಬಿರುಗಾಳಿಗೂ ಮಂಜಿಗೂ ಹೆಸರಾದ ನೀರು ಅದು. 1936ರಿಂದ 1980ರ ವರೆಗೆ 'ನೈಟ್ ಫೆರಿ' ಎಂಬೊಂದು ವ್ಯವಸ್ಥೆಯಿತ್ತು. ಲಂಡನ್ನಿನಲ್ಲಿ ರಾತ್ರಿ ಹತ್ತಿದ ಪ್ರಯಾಣಿಕನು ಮಲಗಿದಂತೆಯೇ ಇರಲು, ಡೋವರ್ ರೇವಿನಲ್ಲಿ ಅವನಿದ್ದ ಡಬ್ಬಿಯನ್ನೇ ಹಡಗಿನೊಳಗೆ ನೂಕಿ, ಸರಪಳಿಯಿಂದ ಬಿಗಿದು, ಫ್ರಾನ್ಸಿನ ಡಂಕರ್ಕಿನಲ್ಲಿ ಇಳಿಸಿ ಮತ್ತೆ ಗಾಡಿಗೆ ಜೋಡಿಸುತ್ತಿದ್ದರು. ಬೆಳಗಾಗುವ ಹೊತ್ತಿಗೆ ಪ್ಯಾರಿಸು ಸಮೀಪಿಸುತ್ತಿತ್ತು. ಆ ಸರಪಳಿಯ ಸದ್ದಿನಲ್ಲಿ ಎಷ್ಟು ಮಂದಿಗೆ ನಿದ್ದೆ ಹತ್ತುತ್ತಿತ್ತೋ ದೇವರೇ ಬಲ್ಲ!

ಸಮುದ್ರದ ತಳದಲ್ಲಿ ಸುರಂಗ ತೋಡಬೇಕೆಂಬ ಆಲೋಚನೆ ಬಹು ಹಳೆಯದು. 1802ರಲ್ಲಿಯೇ ಆಲ್ಬೇರ್ ಮಾಥ್ಯೂ ಎಂಬ ಫ್ರೆಂಚ್ ಇಂಜಿನಿಯರನು ನೆಪೋಲಿಯನ್ನನ ಮುಂದೆ ಒಂದು ಯೋಜನೆಯನ್ನಿಟ್ಟಿದ್ದನು. ಅವನ ಸುರಂಗದಲ್ಲಿ ಓಡಬೇಕಾದುದು ಕುದುರೆ ಗಾಡಿ. ಬೆಳಕಿಗೆ ಎಣ್ಣೆಯ ದೀಪ. ಕುದುರೆ ಬದಲಾಯಿಸಲು ಕಡಲ ನಡುವೆ ಒಂದು ಕೃತಕ ದ್ವೀಪ. ಕಲ್ಪನೆ ಕಲ್ಪನೆಯಾಗಿಯೇ ಉಳಿಯಿತು. 1880ರ ಸುಮಾರಿಗೆ ಎರಡು ದಡದಿಂದಲೂ ನಿಜವಾಗಿಯೇ ಅಗೆತ ಆರಂಭವಾಗಿ, ಒಂದೊಂದು ಕಡೆಯಲ್ಲೂ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಬಿಲ ತಯಾರಾಯಿತು. ಆದರೆ 1882ರಲ್ಲಿ ಇಂಗ್ಲೆಂಡಿನ ಸೇನಾನಿಗಳು ಹುಯಿಲೆಬ್ಬಿಸಿದರು. ಫ್ರೆಂಚ್ ಸೈನ್ಯ ಆ ಬಿಲದಿಂದ ನುಗ್ಗಿ ಬಂದರೆ ಗತಿಯೇನು ಎಂಬುದು ಅವರ ಭಯ. ಲೋಕದ ಕಾಲು ಭಾಗವನ್ನು ಆಳುತ್ತಿದ್ದ ದೇಶಕ್ಕೆ ಒಂದು ತೂತಿನ ಭಯ! ಕೆಲಸ ನಿಂತಿತು. ಮತ್ತೆ 1970ರ ದಶಕದಲ್ಲಿ ಕೈಹಾಕಿ, ಹಣದ ಮುಗ್ಗಟ್ಟಿನಿಂದ 1975ರಲ್ಲಿ ಕೈಬಿಟ್ಟರು.

ಕೊನೆಗೆ 1986ರ ಫೆಬ್ರವರಿಯಲ್ಲಿ ಎರಡು ದೇಶಗಳೂ ಕ್ಯಾಂಟರ್ಬರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದುವು. ಸರ್ಕಾರದ ಬೊಕ್ಕಸದಿಂದ ಕಾಸು ಕೊಡುವುದಿಲ್ಲ, ಖಾಸಗಿಯವರೇ ಬಂಡವಾಳ ಹೂಡಲಿ ಎಂಬುದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಹಟ. ಸುಣ್ಣ ಬೆರೆತ ಮೆತ್ತನೆಯ ಕಲ್ಲಿನ ಪದರವೊಂದು ಕಡಲ ತಳದಡಿಯಲ್ಲಿ ಹಬ್ಬಿದೆ. ಅದನ್ನು ಕೊರೆಯುವುದು ಸುಲಭ, ನೀರು ಜಿನುಗುವುದೂ ಕಡಿಮೆ. ಆ ಪದರವನ್ನು ಹಿಡಿದುಕೊಂಡೇ ಹನ್ನೊಂದು ಯಂತ್ರಗಳು ಎರಡೂ ಕಡೆಯಿಂದ ಕೊರೆಯುತ್ತ ಹೋದುವು. 1990ರ ಡಿಸೆಂಬರ್ 1ರಂದು ಇಂಗ್ಲೆಂಡಿನ ಗ್ರಹಾಮ್ ಫ್ಯಾಗ್, ಫ್ರಾನ್ಸಿನ ಫಿಲಿಪ್ ಕೊಜೆಟ್ ಎಂಬ ಇಬ್ಬರು ಕೂಲಿಗಾರರು ನಡುವಿನ ಗೋಡೆಯನ್ನೊಡೆದು ಕೈ ಕುಲುಕಿದರು. ಇತಿಹಾಸದಲ್ಲಿ ಇಂತಹ ಸಂದರ್ಭಗಳಲ್ಲಿ ರಾಜರ, ಮಂತ್ರಿಗಳ ಹೆಸರು ಉಳಿಯುವುದು ವಾಡಿಕೆ. ಇಲ್ಲಿ ಕೆಲಸಗಾರರ ಹೆಸರು ಉಳಿದಿರುವುದು ಸಂತೋಷದ ವಿಷಯ. ಈ ಕೆಲಸದಲ್ಲಿ ಪ್ರಾಣ ತೆತ್ತ ಹತ್ತು ಮಂದಿಯ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ.

1994ರ ಮೇ 6ರಂದು ಎಲಿಜಬೆತ್ ರಾಣಿಯೂ ಫ್ರಾನ್ಸಿನ ಅಧ್ಯಕ್ಷ ಮಿತ್ತರಾನರೂ ಸುರಂಗವನ್ನು ಉದ್ಘಾಟಿಸಿದರು. ಒಟ್ಟು ಉದ್ದ ಐವತ್ತು ಕಿಲೋಮೀಟರಿಗೆ ತುಸು ಮೇಲು. ಅದರಲ್ಲಿ ಸುಮಾರು 38 ಕಿ.ಮೀ. ಕಡಲ ಕೆಳಗೇ ಇದೆ. ನಿಜದಲ್ಲಿ ಅದು ಒಂದು ಸುರಂಗವಲ್ಲ, ಮೂರು. ಹೋಗುವ ಗಾಡಿಗೊಂದು, ಬರುವ ಗಾಡಿಗೊಂದು, ನಡುವೆ ರಿಪೇರಿಗೂ ಅಪಾಯ ಕಾಲದಲ್ಲಿ ಜನ ಪಾರಾಗುವುದಕ್ಕೂ ಚಿಕ್ಕದೊಂದು. ತೋಡಿದ ಮಣ್ಣನ್ನು ಇಂಗ್ಲೆಂಡಿನವರು ಡೋವರ್ ಬಳಿ ಸಮುದ್ರಕ್ಕೆ ತುಂಬಿದ್ದರಿಂದ ಸುಮಾರು 30 ಹೆಕ್ಟೇರು ಹೊಸ ನೆಲ ಹುಟ್ಟಿ, ಈಗ ಅಲ್ಲಿ ಹುಲ್ಲು ಹೂವು ಬೆಳೆದು ಉದ್ಯಾನವಾಗಿದೆ. ಖರ್ಚು ಮಾತ್ರ ಅಂದಾಜಿಗಿಂತ ಶೇಕಡ ಎಂಬತ್ತರಷ್ಟು ಹೆಚ್ಚಾಯಿತು. ಲಾಭದ ಆಸೆಯಿಂದ ಷೇರು ಕೊಂಡ ಸಣ್ಣಪುಟ್ಟ ಜನ ಕೈ ಸುಟ್ಟುಕೊಂಡರು.

ಸುರಂಗವೊಂದಿದ್ದರೆ ಸಾಲದು, ವೇಗವೂ ಬೇಕಷ್ಟೆ. ಅತಿವೇಗದ ರೈಲಿನ ಕಥೆ ಆರಂಭವಾಗುವುದು ಜಪಾನಿನಲ್ಲಿ. 1964ರ ಅಕ್ಟೋಬರ್ 1ರಂದು ಟೋಕಿಯೋ–ಒಸಾಕಾ ನಡುವೆ ಗಂಟೆಗೆ 210 ಕಿ.ಮೀ. ವೇಗದ ಗಾಡಿ ಓಡಿತು. ಫ್ರೆಂಚರು 1981ರಲ್ಲಿ ಪ್ಯಾರಿಸು–ಲಿಯಾನ್ ಮಾರ್ಗದಲ್ಲಿ ಅದನ್ನು ಮೀರಿಸಿದರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಗುಟ್ಟಿರುವುದು ಎಂಜಿನ್ನಿನಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚಾಗಿ ಹಳಿಯ ದಾರಿಯಲ್ಲಿ. ಗಂಟೆಗೆ 300 ಕಿ.ಮೀ. ಓಡುವ ಗಾಡಿಗೆ ತಿರುವು ಬಹು ದೊಡ್ಡ ವೃತ್ತದ ತುಂಡಾಗಿರಬೇಕು. ಅದರ ತ್ರಿಜ್ಯ ನಾಲ್ಕು ಕಿಲೋಮೀಟರಿನಷ್ಟಾದರೂ ಬೇಕು. ದಾರಿಯಲ್ಲಿ ಒಂದು ಗೇಟೂ ಇರಕೂಡದು. ರಸ್ತೆಗಳೆಲ್ಲ ಮೇಲೆ ಇಲ್ಲವೆ ಕೆಳಗೆ ಹಾಯಬೇಕು. ಗೂಡ್ಸ್ ಗಾಡಿಯ ಹಿಂದೆ ಕಾದು ನಿಲ್ಲುವ ಪ್ರಸಂಗವೇ ಇಲ್ಲ. ಇನ್ನು ಕೈಕಂಬದ ವಿಚಾರ. ಅಷ್ಟು ವೇಗದಲ್ಲಿ ಡ್ರೈವರನಿಗೆ ಹೊರಗಿನ ಸಿಗ್ನಲ್ ಕಣ್ಣಿಗೆ ಬಿದ್ದು ಬ್ರೇಕು ಹಾಕಿದರೂ ಗಾಡಿ ನಿಲ್ಲಲು ಮೂರು ಕಿಲೋಮೀಟರಿಗೂ ಹೆಚ್ಚು ದೂರ ಬೇಕು! ಆದ್ದರಿಂದ ಸಿಗ್ನಲ್ಲು ಹಳಿಯ ಮೂಲಕವೇ ಬಂದು ಅವನ ಎದುರಿನ ಫಲಕದಲ್ಲಿ ಮೂಡುತ್ತದೆ. ಇಷ್ಟು ವೇಗ ಸುರಂಗದಲ್ಲಿ ಮಾತ್ರ ಸಲ್ಲದು. ಅಲ್ಲಿ 160ಕ್ಕೆ ಇಳಿಸುವರು. ಆದರೂ ಇಪ್ಪತ್ತು ನಿಮಿಷದಲ್ಲಿ ಕತ್ತಲೆ ಮುಗಿಯುತ್ತದೆ. ಕಿಟಕಿಯಿಂದ ಮೀನು ಕಾಣುವುದೋ ಎಂದು ಕೇಳುವ ಮಕ್ಕಳಿಗೆ ನಿರಾಸೆಯೇ ಸರಿ, ಏಕೆಂದರೆ ಗಾಡಿ ಹೋಗುವುದು ನೀರಿನಲ್ಲಲ್ಲ, ನೀರಿನ ತಳದಿಂದಲೂ ಬಹು ಕೆಳಗೆ, ಕಲ್ಲಿನೊಳಗೆ.

1994ರ ನವೆಂಬರ್ 14ರಂದು ಯೂರೋಸ್ಟಾರ್ ಸಂಚಾರ ಪ್ರಾರಂಭವಾದಾಗ ಫ್ರಾನ್ಸಿನಲ್ಲಿ ಹೊಸ ದಾರಿ ಸಿದ್ಧವಾಗಿತ್ತು, ಇಂಗ್ಲೆಂಡಿನಲ್ಲಿ ಆಗಿರಲಿಲ್ಲ. ಫ್ರಾನ್ಸಿನ ಬಯಲಿನಲ್ಲಿ ಬಾಣದಂತೆ ಬಂದ ಗಾಡಿ ಕೆಂಟ್ ಪ್ರಾಂತದ ಹಳೆಯ ಹಳಿಗಳ ಮೇಲೆ ತೆವಳುತ್ತಿತ್ತು. ಇಂಗ್ಲೆಂಡಿನ ಗ್ರಾಮಸೌಂದರ್ಯವನ್ನು ಸಾವಕಾಶವಾಗಿ ಸವಿಯಲು ಇದೊಂದು ಅನುಕೂಲವೆಂದು ಮಿತ್ತರಾನರು ಹಾಸ್ಯ ಮಾಡಿದ್ದುಂಟು. ಈ ಚುಚ್ಚುಮಾತಿಗೆ ಉತ್ತರ ಬರಲು ಹದಿಮೂರು ವರ್ಷ ಹಿಡಿಯಿತು. 2007ರ ನವೆಂಬರ್ 14ರಂದು ಹೊಸ ದಾರಿ ಪೂರ್ತಿಯಾಗಿ, ಗಾಡಿಗಳು ವಾಟರ್ಲೂ ನಿಲ್ದಾಣವನ್ನು ಬಿಟ್ಟು ಸೇಂಟ್ ಪ್ಯಾಂಕ್ರಸಿಗೆ ಬಂದುವು. (ನೆಪೋಲಿಯನ್ನನು ಸೋತ ರಣರಂಗದ ಹೆಸರಿನ ನಿಲ್ದಾಣದಲ್ಲಿ ಫ್ರೆಂಚರನ್ನು ಹದಿಮೂರು ವರ್ಷ ಇಳಿಸಿದ್ದು ಆಂಗ್ಲರ ಉತ್ತರವಿರಬಹುದೆ?)

ಸೇಂಟ್ ಪ್ಯಾಂಕ್ರಸ್ ನಿಲ್ದಾಣ 1868ರಲ್ಲಿ ಕಟ್ಟಿದ್ದು. ಒಂದು ನಡುಗಂಬವೂ ಇಲ್ಲದೆ ಸುಮಾರು 73 ಮೀಟರು ಅಗಲಕ್ಕೆ ಬಾಗಿ ನಿಂತ ಅದರ ಕಬ್ಬಿಣದ ಮಾಡು ಆ ಕಾಲದ ಅದ್ಭುತ. ಹಳಿಗಳಿದ್ದುದು ಮೇಲಿನ ಅಂತಸ್ತಿನಲ್ಲಿ. ಕೆಳಗಿನ ನೆಲಮಾಳಿಗೆಯಲ್ಲಿ ಬರ್ಟನ್ ಊರಿನಿಂದ ಬರುವ ಬಿಯರಿನ ಪೀಪಾಯಿಗಳನ್ನು ಇಡುತ್ತಿದ್ದರು; ಕಂಬಗಳ ನಡುವಿನ ಅಂತರವನ್ನೂ ಆ ಪೀಪಾಯಿಗಳ ಅಳತೆಗೇ ನಿಗದಿ ಮಾಡಿದ್ದರಂತೆ. 1960ರ ದಶಕದಲ್ಲಿ ಇಡೀ ಕಟ್ಟಡವನ್ನು ಕೆಡವಿಬಿಡುವ ಮಾತು ಬಂದಾಗ ಕವಿ ಜಾನ್ ಬೆಚಮನ್ ಮೊದಲಾದವರು ಹೋರಾಡಿ ಉಳಿಸಿದರು. ಇಂದು ಕವಿಯ ಪ್ರತಿಮೆ ಅಲ್ಲಿ ತಲೆಯೆತ್ತಿ ಮಾಡನ್ನು ನೋಡುತ್ತ ನಿಂತಿದೆ. ಪೀಪಾಯಿಗಳಿದ್ದ ಜಾಗದಲ್ಲಿ ಈಗ ಪ್ಯಾರಿಸಿಗೆ ಹೋಗುವವರು ಕುಳಿತು ಕಾಯುತ್ತಾರೆ.

ಪ್ರಯಾಣದ ಕ್ರಮ ಹೀಗಿದೆ. ಗಾಡಿ ಹೊರಡುವುದಕ್ಕೆ ಒಂದು ಗಂಟೆಗೂ ಮೊದಲೇ ನಿಲ್ದಾಣದಲ್ಲಿರಬೇಕು. ಸಾಮಾನಿನ ತಪಾಸಣೆಯಾದ ಮೇಲೆ ಇಂಗ್ಲೆಂಡಿನಿಂದ ಹೊರಹೋಗುವ ವಿಧಿಯೂ ಫ್ರಾನ್ಸನ್ನು ಪ್ರವೇಶಿಸುವ ವಿಧಿಯೂ ಒಂದೇ ಕಡೆ ನಡೆದುಹೋಗುತ್ತದೆ. ಲಂಡನ್ನಿನ ನಡುವೆಯೇ ಫ್ರೆಂಚ್ ಅಧಿಕಾರಿ ಕುಳಿತು ಪಾಸ್‌ಪೋರ್ಟು ನೋಡುತ್ತಾನೆ; ಆಚೆ ಪ್ಯಾರಿಸಿನಲ್ಲಿ ಆಂಗ್ಲ ಅಧಿಕಾರಿ ಕುಳಿತಿರುತ್ತಾನೆ. ಇಳಿದ ಮೇಲೆ ಯಾವ ಪ್ರಶ್ನೆಯೂ ಇಲ್ಲ, ನೇರ ಬೀದಿಗೆ ನಡೆಯಬಹುದು. ರೈಲು ವಿಮಾನವನ್ನು ಗೆದ್ದಿರುವುದೂ ಇಲ್ಲಿಯೇ. ವಿಮಾನ ಹಾರುವ ಹೊತ್ತು ಒಂದು ಗಂಟೆಯೇ ಇರಬಹುದು, ಆದರೆ ಊರಾಚೆಯ ನಿಲ್ದಾಣಕ್ಕೆ ಹೋಗುವ ಮತ್ತು ಊರಾಚೆಯ ನಿಲ್ದಾಣದಿಂದ ಬರುವ ಹೊತ್ತನ್ನು ಸೇರಿಸಿದರೆ ರೈಲೇ ಮುಂದು. ವಿದ್ಯುತ್ತಿನಿಂದ ಓಡುವ ಕಾರಣ, ಅದರಲ್ಲಿಯೂ ಫ್ರಾನ್ಸಿನ ವಿದ್ಯುತ್ತು ಬಹುಮಟ್ಟಿಗೆ ಅಣುಶಕ್ತಿಯಿಂದ ಬರುವ ಕಾರಣ, ಗಾಳಿಗೆ ಸೇರುವ ಹೊಗೆಯೂ ವಿಮಾನಕ್ಕಿಂತ ಬಹಳ ಕಡಿಮೆ. ಗಡಿಯಾರದ ಒಂದು ಚೇಷ್ಟೆಯೂ ಉಂಟು: ಪ್ಯಾರಿಸಿನ ಗಂಟೆ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಹೋಗುವಾಗ ಕಳೆದುಕೊಂಡ ಆ ಗಂಟೆ ಭಾನುವಾರ ಹಿಂದಿರುಗುವಾಗ ಕೈಗೆ ಬರುತ್ತದೆ.

ಎರಡು ದಿನದಲ್ಲಿ ಪ್ಯಾರಿಸನ್ನು ನೋಡಿ ಮುಗಿಸುತ್ತೇನೆನ್ನುವುದು ಹಂಪೆಯನ್ನು ಒಂದು ಗಂಟೆಯಲ್ಲಿ ನೋಡುತ್ತೇನೆಂದಂತೆ. ಇಂತಹ ಕಿರುಪ್ರವಾಸಕ್ಕೆ ನನ್ನ ದೃಷ್ಟಿಯಲ್ಲಿ ಬ್ರಸೆಲ್ಸೇ ತಕ್ಕ ಊರು. ನಡುವಿನ ದೊಡ್ಡ ಚೌಕವನ್ನೂ ಸುತ್ತಲಿನ ವರ್ತಕಸಂಘಗಳ ಹಳೆಯ ಮನೆಗಳನ್ನೂ ಒಂದು ಬೆಳಗಿನಲ್ಲಿ ನಿಧಾನವಾಗಿ ನೋಡಬಹುದು. ಭಾಷೆಯ ವಿಚಾರದಲ್ಲಿ ಆಸಕ್ತಿಯುಳ್ಳ ನಮ್ಮಂತಹವರಿಗೆ ಅದಕ್ಕಿಂತ ಸ್ವಾರಸ್ಯವಾದುದು ಆ ಊರಿನ ಫಲಕಗಳು. ಬೀದಿಬೀದಿಗೂ ಎರಡು ಹೆಸರು, ಒಂದು ಫ್ರೆಂಚಿನಲ್ಲಿ, ಇನ್ನೊಂದು ಡಚ್ಚಿನಲ್ಲಿ. ರೈಲು ನಿಲ್ದಾಣಕ್ಕೂ ಹಾಗೆಯೇ: ಒಬ್ಬರು 'ಮಿದಿ' ಎಂದರೆ ಮತ್ತೊಬ್ಬರು 'ಜ್ಯೋಯ್ಡ್' ಎನ್ನುವರು, ಎರಡರ ಅರ್ಥವೂ ದಕ್ಷಿಣವೇ. ಅಲ್ಲಿಂದ ಪೂರ್ವಕ್ಕೆ ಎರಡು ಗಂಟೆಯೊಳಗೆ ಜರ್ಮನಿಯ ಕಲೋನ್ ಸಿಕ್ಕುತ್ತದೆ. 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿದ ಅಲ್ಲಿನ ಮಹಾದೇವಾಲಯ ನಿಲ್ದಾಣದ ಬಾಗಿಲಲ್ಲೇ ಇದೆ. ಗಾಡಿ ಬದಲಾಯಿಸುವ ಬಿಡುವಿನಲ್ಲಿಯೇ ನೋಡಿ ಬರಬಹುದು.

ಬ್ರಸೆಲ್ಸಿನಿಂದ ಕಲೋನಿಗೆ ಹೋಗುವಾಗ ದೇಶ ಬದಲಾದದ್ದೇ ತಿಳಿಯುವುದಿಲ್ಲ. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ನದಿಯಲ್ಲಿ ನಿಂತಿದ್ದ ದೋಣಿಯೊಂದರಲ್ಲಿ ಐದು ದೇಶಗಳು ಗಡಿತಪಾಸಣೆ ಬಿಡುವುದಾಗಿ ಒಪ್ಪಿದುವು. 1995ರಲ್ಲಿ ಅದು ಜಾರಿಗೆ ಬಂದು, ಇಂದು 29 ದೇಶಗಳು ಅದರಲ್ಲಿವೆ. ಬ್ರಿಟನ್ನು ಅದಕ್ಕೆ ಎಂದೂ ಸೇರಲಿಲ್ಲ. 2020ರಲ್ಲಿ ಯೂರೋಪಿನ ಒಕ್ಕೂಟದಿಂದಲೂ ಹೊರಬಂದಿತು. ಅಂದಿನಿಂದ ಸೇಂಟ್ ಪ್ಯಾಂಕ್ರಸಿನ ಸಾಲು ಉದ್ದವಾಗಿದೆ. 2025ರ ಅಕ್ಟೋಬರಿನಿಂದ ಹೊರಗಿನವರ ಬೆರಳಚ್ಚು, ಮುಖಚಿತ್ರ ತೆಗೆದುಕೊಳ್ಳುವ ಪದ್ಧತಿಯನ್ನೂ ಹಂತಹಂತವಾಗಿ ತಂದಿದ್ದಾರೆ.

ಇಲ್ಲಿಯೇ ನಮ್ಮವರ ಮಾತು ಬರುತ್ತದೆ. ಲಂಡನ್ನಿನಲ್ಲಿ ಕನ್ನಡಿಗರು ಬಹಳ ಮಂದಿ ಇದ್ದಾರೆ. 2015ರ ನವೆಂಬರಿನಿಂದ ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನವರ ಪ್ರತಿಮೆಯೂ ನಿಂತಿದೆ. ಅಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಜತೆಯ ಆಂಗ್ಲ ಹುಡುಗನು 'ಶನಿವಾರ ಪ್ಯಾರಿಸಿಗೆ ಹೋಗೋಣ' ಎಂದನೆನ್ನಿ. ಆಂಗ್ಲನು ಚೀಟಿ ಕೊಂಡರೆ ಮುಗಿಯಿತು. ಭಾರತದ ಪಾಸ್‌ಪೋರ್ಟಿನವನು ಮೊದಲು ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿ, ಬ್ಯಾಂಕಿನ ಲೆಕ್ಕಪತ್ರ ತೋರಿಸಿ, ಇಳಿದುಕೊಳ್ಳುವ ಜಾಗದ ರುಜುವಾತು ಕೊಟ್ಟು, 90 ಯೂರೋ ಕಟ್ಟಿ, ವಾರಗಟ್ಟಲೆ ಕಾಯಬೇಕು. ವೀಸಾ ಸಿಕ್ಕದಿದ್ದರೆ ಹಣ ವಾಪಸಿಲ್ಲ. ಇಬ್ಬರಿಗೂ ದಾರಿ ಒಂದೇ, ಗಾಡಿ ಒಂದೇ. ಎರಡೂಕಾಲು ಗಂಟೆಯ ಪ್ರಯಾಣ ಒಬ್ಬನಿಗೆ ಎರಡೂಕಾಲು ಗಂಟೆ, ಮತ್ತೊಬ್ಬನಿಗೆ ಒಂದು ತಿಂಗಳು.

ಇವನಿಗಾದರೂ ಕಾದರೆ ದಾರಿಯುಂಟು. ಸುರಂಗದ ಫ್ರೆಂಚ್ ಬಾಯಿ ಇರುವ ಕ್ಯಾಲೆ ಊರಿನ ಸುತ್ತ ಆಫ್ಘಾನಿಸ್ಥಾನ, ಸೂಡಾನ್ ಮೊದಲಾದ ನೊಂದ ದೇಶಗಳಿಂದ ಬಂದವರು ಡೇರೆಗಳಲ್ಲಿ ಬದುಕಿದ್ದಾರೆ. ಅಲ್ಲಿದ್ದ ಸಾವಿರಾರು ಜನರ ದೊಡ್ಡ ಬಿಡಾರವನ್ನು 2016ರ ಅಕ್ಟೋಬರಿನಲ್ಲಿ ತೆರವು ಮಾಡಿದರು. ಜನ ಮತ್ತೆ ಬಂದರು. ರೈಲಿಗೆ, ಲಾರಿಗೆ ಜೋತುಬಿದ್ದು ಸುರಂಗ ದಾಟಲು ಯತ್ನಿಸಿ ಸತ್ತವರಿದ್ದಾರೆ. ಬೇಲಿ ಎತ್ತರವಾದಂತೆಲ್ಲ ಅವರು ರಬ್ಬರಿನ ಚಿಕ್ಕ ದೋಣಿಗಳಲ್ಲಿ ಕಡಲಿಗಿಳಿಯುತ್ತಿದ್ದಾರೆ. 1882ರ ಸೇನಾನಿಗಳು ಹೆದರಿದ್ದು ಸೈನ್ಯಕ್ಕೆ. ಇಂದು ತಂತಿಬೇಲಿ ಹಾಕಿರುವುದು ಕೈಯಲ್ಲಿ ಏನೂ ಇಲ್ಲದವರಿಗೆ.

ಇಂಗ್ಲೆಂಡಿನವರಲ್ಲಿಯೂ ಎಲ್ಲರಿಗೂ ಈ ಅನುಕೂಲವಿಲ್ಲ. ಹೊಸ ದಾರಿಗಾಗಿ ಕೆಂಟ್ ಪ್ರಾಂತದ ಹೊಲತೋಟಗಳನ್ನು ಸೀಳಿದರು. ಅದಕ್ಕೆ ಬದಲಾಗಿ ಆಷ್‌ಫರ್ಡ್ ಊರಿನಲ್ಲಿ 1996ರಲ್ಲಿಯೂ ಎಬ್ಸ್‌ಫ್ಲೀಟಿನಲ್ಲಿ 2007ರಲ್ಲಿಯೂ ಪರದೇಶದ ಗಾಡಿಗಳಿಗೆಂದೇ ನಿಲ್ದಾಣ ತೆರೆದರು. 2020ರ ಸಾಂಕ್ರಾಮಿಕದ ಕಾಲದಲ್ಲಿ ಯೂರೋಸ್ಟಾರ್ ಅಲ್ಲಿ ನಿಲ್ಲುವುದನ್ನು ಬಿಟ್ಟಿತು. ಆಮೇಲೆ ನಿಲ್ಲಲೇ ಇಲ್ಲ. ಆಷ್‌ಫರ್ಡಿನಿಂದ ಫ್ರಾನ್ಸಿನ ದಡ ಲಂಡನ್ನಿಗಿಂತ ಹತ್ತಿರ. ಆದರೂ ಅಲ್ಲಿನವನು ಪ್ಯಾರಿಸಿಗೆ ಹೋಗಬೇಕಾದರೆ ಮೊದಲು ಹಿಂದಕ್ಕೆ ಲಂಡನ್ನಿಗೆ ಹೋಗಿ, ಸಾಲಿನಲ್ಲಿ ನಿಂತು, ಗಾಡಿ ಹತ್ತಿ ಕೂರಬೇಕು. ಅರ್ಧ ಗಂಟೆಯ ನಂತರ ಅದೇ ಗಾಡಿ ಅವನ ಊರನ್ನು ಹಾದು, ನಿಲ್ಲದೆ ಮುಂದಕ್ಕೆ ಹೋಗುತ್ತದೆ.