ಬೆಳ್ಳಿ ಕೂರುವ ಮುನ್ನ ಒಂದು ಅಚ್ಚು

ಗೇಣುದ್ದವೂ ಇಲ್ಲದ ಅಂಡಾಕಾರದ ಚಿತ್ರ. ಅದರೊಳಗೆ ಅಸ್ಥಿಪಂಜರವೊಂದು ಮಗುವನ್ನು ಹೊತ್ತು ದಾಪುಗಾಲು ಹಾಕುತ್ತಿದೆ. ಹಿನ್ನೆಲೆಯಲ್ಲಿ ಪ್ಯಾರಿಸ್ಸಿನ ಹಳೆಯ ಸ್ಮಶಾನ. ಫ್ಲಾರೆನ್ಸಿನ ಸ್ಟೆಫಾನೊ ಡೆಲ್ಲಾ ಬೆಲ್ಲಾ 1648ರ ಸುಮಾರಿಗೆ ಮಾಡಿದ ‘ಐದು ಸಾವುಗಳು’ ಮಾಲೆಯ ಅಚ್ಚು ಇದು. ನೋಡಿದವರನ್ನು ಕಾಡುವುದು ಎಲುಬುಗಳಲ್ಲ, ಸಾವಿನ ಅವಸರ. ಅದಕ್ಕೆ ಸಿಟ್ಟಿಲ್ಲ, ಸುಗ್ಗಿಯಲ್ಲಿ ಹೊಲಕ್ಕೆ ಹೊರಟ ಆಳಿನ ಹಾಗೆ ಕೆಲಸ ಬಹಳ ಉಳಿದಿದೆ, ಅಷ್ಟೇ. 1630ರಲ್ಲಿ ಫ್ಲಾರೆನ್ಸಿಗೆ ಪ್ಲೇಗ್ ಬಂದಾಗ ಸ್ಟೆಫಾನೊಗೆ ಇಪ್ಪತ್ತು ವರ್ಷ.

ಮಹಾರಾಷ್ಟ್ರದ ಲಾತೂರ ಜಿಲ್ಲೆಯ ನಮ್ಮ ವಲಾಂಡಿ ಸೀಮೆಯವರಿಗೆ ಈ ಚಿತ್ರ ಪರದೇಶದ್ದು ಅನ್ನಿಸುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅದೇ ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ನಡುಗಿತು. ಗಣಪತಿ ಕಳಿಸಿ ಬಂದು ಮಲಗಿದವರ ಮೇಲೆ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಕುಸಿದವು. ತಾಯಂದಿರ ಮಗ್ಗುಲಿನ ಕೂಸುಗಳನ್ನು ಅದೇ ಅವಸರ ಎತ್ತಿಕೊಂಡು ಹೋಯಿತು.

ಇಂಥ ಅಚ್ಚು ಮಾಡಲು ತಾಮ್ರದ ತಗಡಿಗೆ ಮೇಣ, ರಾಳದ ಲೇಪ ಹಚ್ಚಿ, ಹೊಗೆ ಹಿಡಿಸಿ ಕಪ್ಪಾಗಿಸುತ್ತಾರೆ. ಸೂಜಿಯಿಂದ ಗೀರಿದರೆ ಕಪ್ಪಿನಲ್ಲಿ ತಾಮ್ರದ ಗೆರೆ ಮಿನುಗುತ್ತದೆ. ಆಮ್ಲದಲ್ಲಿಟ್ಟಾಗ ಗೆರೆ ಇದ್ದಲ್ಲಷ್ಟೇ ತಗಡು ಸವೆಯುತ್ತದೆ. ಹೆಚ್ಚು ಹೊತ್ತು ಬಿಟ್ಟ ಗೆರೆ ಆಳ, ಗಾಢ. ಆಮೇಲೆ ಲೇಪ ತೆಗೆದು, ಮಸಿ ತುಂಬಿ, ಮೇಲಿನ ಮಸಿ ಒರೆಸಿ, ತೇವದ ಕಾಗದ ಹೊದಿಸಿ ರೋಲರಿನಡಿ ಒತ್ತುವುದು. ಚಿತ್ರ ಎಡಬಲ ತಿರುಗಿ ಬರುತ್ತದೆ.

ಬೀದರದಲ್ಲಿ ಬಿದರಿ ಕೆಲಸ ಕಂಡವರಿಗೆ ಇದು ಗುರುತಿನ ನೋಟ. ಸತು-ತಾಮ್ರದ ಎರಕಕ್ಕೆ ಮೈಲುತುತ್ತಿನ ನೀರು ಸವರಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಬಳ್ಳಿ ಬರೆದು, ಚಾಣದಿಂದ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರದಿಂದ ಕಾಯಂ ಕಪ್ಪು. ಬಹಮನಿ ಕಾಲದಿಂದ ಬಂದ ವಿದ್ಯೆ ಅನ್ನುತ್ತಾರೆ. 1956ರ ವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲೇ ಇದ್ದವು. ಬಿದರಿ ನಮ್ಮದೂ ಹೌದು.

ಸ್ಟೆಫಾನೊ ಮೊದಲು ಕಲಿತದ್ದು ಅಕ್ಕಸಾಲಿಗನ ಬಳಿ. ಅವನಿಗಿಂತ ಇನ್ನೂರು ವರ್ಷ ಹಿಂದೆ ಫ್ಲಾರೆನ್ಸಿನ ಅಕ್ಕಸಾಲಿಗರು ಬೆಳ್ಳಿಯಲ್ಲಿ ಕೊರೆದು ಕಪ್ಪು ತುಂಬುತ್ತಿದ್ದರು. ಬಿದರಿಗೆ ತೀರಾ ಉಲ್ಟಾ. ಕಪ್ಪು ತುಂಬುವ ಮುನ್ನ ಕೊರೆತಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆದಿಟ್ಟುಕೊಂಡವರೂ ಇದ್ದರು. ಒಡವೆ ಗಿರಾಕಿಯ ಮನೆಗೆ ಹೋಯಿತು, ಗೆರೆ ಅಂಗಡಿಯಲ್ಲಿ ಉಳಿಯಿತು.

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಕೈಯಿಂದ ನೇರ ಲೋಹಕ್ಕಿಳಿದ ಬಳ್ಳಿ ಆ ಒಂದು ಸಾಮಾನಿನೊಂದಿಗೇ ಮಾರಾಟವಾಗಿ ಹೋಗುತ್ತದೆ. ಅಚ್ಚು ತೆಗೆದಿಡೋಣವೆಂದರೆ ಯಂತ್ರವೋ ಭಾರ, ದುಬಾರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರ, ಕಲಿಸುತ್ತಾರೆ, ಆ ಮಕ್ಕಳೂ ಬಿದರಿಯವರೂ ಒಂದೇ ಮೇಜಿಗೆ ಕೂರುವುದು ಅಪರೂಪ.

ಬಿದರಿಯ ಸುರಾಹಿ ಹೂಜಿಯ ಉಬ್ಬು ಮೈ ರೋಲರಿಗೆ ಒಗ್ಗದು. ತಟ್ಟೆ, ಡಬ್ಬಿಯ ಮುಚ್ಚಳ ಒಗ್ಗುತ್ತವೆ. ಬೆಳ್ಳಿ ಕೂರುವ ಮುನ್ನ ಒಂದೊಂದರ ಅಚ್ಚು ತೆಗೆದಿಡುವ ರೂಢಿ ನಮ್ಮಜ್ಜಂದಿರ ಕಾಲದಲ್ಲೇ ಬಿದ್ದಿದ್ದರೆ, ಹೆಸರೇ ತಿಳಿಯದ ಎಷ್ಟೋ ಕೈಗಳ ಅಶರ್ಫಿ ಬೂಟಿ ವಿನ್ಯಾಸಗಳನ್ನು ಇವತ್ತು ಕಲಿಯುವ ಹುಡುಗ ಎದುರಿಗಿಟ್ಟುಕೊಂಡು ಬರೆಯಬಹುದಿತ್ತು.