ಬೆಳಕನ್ನು ಸೋಸುವ ಬಿಲ್ಲೆಗಳು

ದೂರದರ್ಶಕ ಕೊಂಡವರೆಲ್ಲ ಹೆಚ್ಚು ಬೆಳಕಿಗಾಗಿ ಹಂಬಲಿಸುತ್ತಾರೆ. ಫಿಲ್ಟರ್ ಮಾಡುವುದು ಇದರ ತದ್ವಿರುದ್ಧ ಕೆಲಸ: ಬಂದ ಬೆಳಕಿನಲ್ಲೇ ಒಂದಿಷ್ಟನ್ನು ತಡೆಯುತ್ತದೆ. ಆದರೂ ಹವ್ಯಾಸಿ ಆಕಾಶವೀಕ್ಷಕರ ಪೆಟ್ಟಿಗೆಯಲ್ಲಿ ಈ ಗಾಜಿನ ಬಿಲ್ಲೆಗಳಿಗೆ ಜಾಗ ಇದ್ದೇ ಇರುತ್ತದೆ. 1.25 ಅಥವಾ 2 ಇಂಚಿನ ಉಂಗುರದಲ್ಲಿ ಕೂತ ಇವನ್ನು ಐಪೀಸಿನ ತಳಕ್ಕೆ ತಿರುಗಿಸಿ ಕೂರಿಸಿದರಾಯಿತು.

ಗ್ರಹಗಳಿಗೆ ಬಣ್ಣದ ಗಾಜು ಸಾಕು. ಇವುಗಳ ಮೇಲಿನ ‘ರಾಟನ್’ ಸಂಖ್ಯೆಗಳು ಛಾಯಾಗ್ರಹಣದಿಂದ ಬಂದ ಬಳುವಳಿ. ನೀಲಿ 80ಎ ಹಾಕಿದರೆ ಗುರುವಿನ ಕಂದು ಪಟ್ಟಿಗಳು ಗಾಢವಾಗುತ್ತವೆ. ಕಿತ್ತಳೆ 21 ಹಾಕಿದರೆ ಮಂಗಳನ ಕಪ್ಪು ಪ್ರದೇಶಗಳು ಎದ್ದು ಕಾಣುತ್ತವೆ.

ಸೂರ್ಯನ ಮಾತೇ ಬೇರೆ. ಅಲ್ಲಿ ಫಿಲ್ಟರ್ ಇಲ್ಲದೆ ನೋಡುವಂತೆಯೇ ಇಲ್ಲ. ಅದನ್ನು ಐಪೀಸಿಗಲ್ಲ, ದೂರದರ್ಶಕದ ಮುಂಬಾಯಿಗೇ ಭದ್ರವಾಗಿ ಕಟ್ಟಬೇಕು. ಕಣ್ಣಿನಿಂದ ನೋಡಲು ಬಳಸುವ ಸೌರ ಫಿಲ್ಟರ್ ಬೆಳಕಿನ ಸುಮಾರು ಒಂದು ಲಕ್ಷದ ಒಂದಂಶವನ್ನಷ್ಟೇ ಒಳಬಿಡುತ್ತದೆ. ಐಪೀಸಿಗೆ ಹಾಕುವ ಹಳೆಯ ಬಗೆಯ ಸೌರ ಫಿಲ್ಟರ್ ಕಾದು ಸೀಳಿದರೆ ಕಣ್ಣೇ ಹೋದೀತು.

ಆದರೆ ಫಿಲ್ಟರಿನ ನಿಜವಾದ ಚಮತ್ಕಾರ ಇರುವುದು ನೀಹಾರಿಕೆಗಳಲ್ಲಿ. 1864ರಲ್ಲಿ ವಿಲಿಯಂ ಹಗಿನ್ಸ್, ಲಂಡನ್ನಿನ ತಮ್ಮ ಮನೆಯ ವೀಕ್ಷಣಾಲಯದಿಂದ, ‘ಬೆಕ್ಕಿನ ಕಣ್ಣು’ ನೀಹಾರಿಕೆಯ ರೋಹಿತ ನೋಡಿದರು. ಅಲ್ಲಿ ಕಾಮನಬಿಲ್ಲಿರಲಿಲ್ಲ, ಕೆಲವೇ ಹೊಳೆಯುವ ಗೆರೆಗಳಿದ್ದವು. ಅವುಗಳಲ್ಲಿ ಪ್ರಖರವಾದ ಹಸಿರು ಗೆರೆ ಯಾವ ಧಾತುವಿನದೆಂದು ತಿಳಿಯದೆ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಲಾಯಿತು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಎಂದು 1927ರಲ್ಲಿ ಐರಾ ಬೊವೆನ್ ಬಿಡಿಸಿ ಹೇಳಿದರು.

ಅದೇ ಆಮ್ಲಜನಕದ ಹೆಸರಿನ ಇಂದಿನ ಓ-ತ್ರೀ ಫಿಲ್ಟರ್ ಬಿಡುವುದು ಆ 500.7 ನ್ಯಾನೊಮೀಟರಿನ ಹಸಿರು ಗೆರೆಯನ್ನು ಮತ್ತು ಅದರ ಜೊತೆಗಾರ 495.9ನ್ನು, ಉಳಿದದ್ದೆಲ್ಲ ಬಹುಪಾಲು ಬಂದ್. ಕತ್ತಲಿಗೆ ಒಗ್ಗಿದ ಕಣ್ಣು ಅತಿ ಚುರುಕಾಗಿರುವುದೂ ಇದರ ಆಸುಪಾಸಿನಲ್ಲೇ ಎಂಬುದು ನಮ್ಮ ಅದೃಷ್ಟ. ಹಾಗಾಗಿ ಆಕಾಶ ಕಪ್ಪಾಗುತ್ತದೆ, ನೀಹಾರಿಕೆ ಉಳಿಯುತ್ತದೆ. ರಾಜಹಂಸ ನಕ್ಷತ್ರಪುಂಜದ ‘ವೇಲ್’ ನೀಹಾರಿಕೆಯ ಎಳೆಗಳು ಇದರಿಂದ ಬಿಡಿಬಿಡಿಯಾಗಿ ತೋರುತ್ತವೆ. ಮಹಾವ್ಯಾಧ ಪುಂಜದ ‘ಕುದುರೆತಲೆ’ ನೀಹಾರಿಕೆಗೆ ಬೇಕಾದದ್ದು 486.1 ನ್ಯಾನೊಮೀಟರಿನ ಹೈಡ್ರೋಜನ್-ಬೀಟಾ ಫಿಲ್ಟರ್, ಜೊತೆಗೆ ದೊಡ್ಡ ದೂರದರ್ಶಕ ಮತ್ತು ಗಾಢ ಕತ್ತಲು.

ಬೀದಿಯ ಹಳೆಯ ಸೋಡಿಯಂ ದೀಪಗಳ ಹಳದಿಯನ್ನು ಸೋಸುವುದು ಸುಲಭವಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಹರಡಿಕೊಳ್ಳುವುದರಿಂದ ‘ಬೆಳಕು ಮಾಲಿನ್ಯ ತಡೆ’ ಎಂದು ಮಾರುವ ಅಗಲ ಪಟ್ಟಿಯ ಫಿಲ್ಟರ್‌ಗಳ ಆಟ ಈಗ ಅಷ್ಟಾಗಿ ನಡೆಯದು. ನಕ್ಷತ್ರಗಳೂ ಎಲ್ಲ ಬಣ್ಣಗಳಲ್ಲಿ ಹೊಳೆಯುತ್ತವೆ. ಅವುಗಳ ಸಮೂಹವಾದ ಗೆಲಾಕ್ಸಿಯಲ್ಲಿ ಏನನ್ನು ತಡೆದರೂ ನಷ್ಟವೇ. ದೇವಯಾನಿ ಗೆಲಾಕ್ಸಿ ನೋಡುವ ಆಸೆಯಿದ್ದರೆ ಫಿಲ್ಟರಿನ ದುಡ್ಡನ್ನು ದೀಪಗಳಿಲ್ಲದ ಊರಿನ ಪ್ರಯಾಣಕ್ಕೆ ಎತ್ತಿಡುವುದೇ ಲೇಸು.