ವಸಾಹತು ಭಾರತದ ಅಂಚೆ: ಮನಿಯಾರ್ಡರು ಮತ್ತು ಸ್ಮಾರಕ ಚೀಟಿ

ಅಂಚೆ ಇಲಾಖೆಯ ಆದಾಯವನ್ನು ವಿಚಾರಿಸುವಾಗ ಒಂದು ಭೇದವನ್ನು ಮೊದಲೇ ಗುರುತಿಸಿಕೊಳ್ಳಬೇಕು. ಕಾಗದಕ್ಕೆ ಅಂಟಿಸಿದ ಚೀಟಿ ಇಲಾಖೆಯ ಮೇಲೆ ಕೆಲಸವನ್ನು ಹೊರಿಸುತ್ತದೆ; ಸಂಗ್ರಾಹಕನ ಪುಸ್ತಕ ಸೇರಿದ ಚೀಟಿಯಲ್ಲಿ ಅಚ್ಚು ಮತ್ತು ಮಾರಾಟದ ವೆಚ್ಚ ಕಳೆದರೆ ಉಳಿದುದೆಲ್ಲ ಲಾಭವೇ. ಮನಿಯಾರ್ಡರಿನ ಸ್ಥಿತಿ ಇದಕ್ಕೆ ವಿರುದ್ಧ: ಅಲ್ಪ ಕಮಿಷನ್ನಿಗಾಗಿ ಹಣವನ್ನು ಮನೆಬಾಗಿಲಿಗೆ ಮುಟ್ಟಿಸಬೇಕು. ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ ಈ ಎರಡು ವ್ಯವಹಾರಗಳೂ ಒಂದೇ ಕಚೇರಿಯಲ್ಲಿ ನಡೆದವು. ಇವುಗಳಲ್ಲಿ ಜನಜೀವನವನ್ನು ಹೆಚ್ಚು ಆಳವಾಗಿ ಮುಟ್ಟಿದುದು ಮೊದಲನೆಯದಲ್ಲ, ಎರಡನೆಯದು ಎಂಬುದು ನಮ್ಮ ಅಭಿಪ್ರಾಯ.

1880ಕ್ಕೆ ಮುಂಚೆ ದೂರದ ಊರಿಗೆ ಹಣ ಕಳುಹಿಸಲು ಸಾಹುಕಾರನ ಹುಂಡಿ ಅಥವಾ ಸರ್ಕಾರಿ ಖಜಾನೆಯನ್ನು ಆಶ್ರಯಿಸಬೇಕಾಗಿದ್ದಿತು. ಹುಂಡಿಯು ವರ್ತಕರ ಸಾಧನ. ಖಜಾನೆಯೋ ಹಳ್ಳಿಗನಿಗೆ ದೂರ. ನೋಟನ್ನು ಎರಡು ಹೋಳು ಮಾಡಿ, ಒಂದು ಮುಟ್ಟಿದ ಸುದ್ದಿ ಬಂದಮೇಲೆ ಇನ್ನೊಂದನ್ನು ಕಳುಹಿಸುವವರೂ ಇದ್ದರು. ಆ ವರ್ಷದ ಜನವರಿಯಲ್ಲಿ ಮನಿಯಾರ್ಡರಿನ ಕಾರ್ಯವು ಖಜಾನೆಗಳಿಂದ ಅಂಚೆ ಇಲಾಖೆಗೆ ವರ್ಗವಾಯಿತು. ಮೈಸೂರು ಸಂಸ್ಥಾನದ ಸ್ವಂತ ಅಂಚೆಯು 1889ರಲ್ಲಿ ಈ ಇಲಾಖೆಯಲ್ಲಿ ವಿಲೀನವಾಯಿತು.

ಇಂಗ್ಲೆಂಡಿನಲ್ಲಿ ಹಣ ಪಡೆಯುವವನು ಆರ್ಡರನ್ನು ಹಿಡಿದು ತಾನೇ ಅಂಚೆ ಕಚೇರಿಗೆ ಹೋಗಬೇಕಾಗಿದ್ದಿತು. ಭಾರತದ ಕ್ರಮವೇ ಬೇರೆ. ಕಳುಹಿಸುವವನು ಹಣವನ್ನೂ ಕಮಿಷನ್ನನ್ನೂ ಕಟ್ಟಿ ರಸೀದಿ ಪಡೆಯುವನು; ಫಾರಮ್ಮು ಪಾವತಿಯ ಕಚೇರಿಗೆ ಹೋಗುವುದು; ಅಲ್ಲಿಂದ ಅಂಚೆಪೇದೆ ಫಾರಮ್ಮಿನೊಡನೆ ರೊಕ್ಕವನ್ನೇ ಹೊತ್ತು ಮನೆಗೆ ಬರುವನು. ಅಕ್ಷರ ಬಾರದವರು ಸಾಕ್ಷಿಯ ಎದುರಿಗೆ ಹೆಬ್ಬೆಟ್ಟು ಒತ್ತುವರು. ಹಣ ಮುಟ್ಟಿದುದಕ್ಕೆ ಸಾಕ್ಷಿಯಾಗಿ ಆ ಗುರುತುಳ್ಳ ತುಂಡು ಕಳುಹಿಸಿದವನಿಗೆ ಮರಳುವುದು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ದಕ್ಷಿಣ ಕನ್ನಡದ ಹುಡುಗನಿಗೆ ಅದು ಬರಿಯ ಲೆಕ್ಕದ ಕಾಗದವಾಗಿರಲಿಲ್ಲ. ತಾಯಿ ಬದುಕಿದ್ದಾಳೆಂಬ ವಾರ್ತೆಯೂ ಆಗಿದ್ದಿತು. ಕೂಪನ್ನಿನ ಅಂಗೈಯಗಲದ ಜಾಗದಲ್ಲಿ ಕುಶಲ, ಸಾಲ, ಮದುವೆಯ ಮಾತುಗಳೆಲ್ಲ ಅಡಕವಾಗಬೇಕಾಗಿದ್ದಿತು. ಆದರೆ ಇದನ್ನು ಸರ್ಕಾರದ ಔದಾರ್ಯವೆಂದು ನಾವು ಭಾವಿಸಬೇಕಾಗಿಲ್ಲ. ಭೂಕಂದಾಯವನ್ನೂ ಮನಿಯಾರ್ಡರಿನ ಮೂಲಕ ಕಟ್ಟುವ ಏರ್ಪಾಡು ಬೇಗನೆ ಬಂದಿತು.

ಸ್ಮಾರಕ ಚೀಟಿಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಭಾರತದ ಮೊದಲ ಸ್ಮಾರಕ ಚೀಟಿಗಳು 1931ರ ಫೆಬ್ರುವರಿಯಲ್ಲಿ ಹೊಸದಿಲ್ಲಿಯ ಪ್ರಾರಂಭೋತ್ಸವಕ್ಕಾಗಿ ನಾಸಿಕದಲ್ಲಿ ಅಚ್ಚಾದವು. ಆರು ಚೀಟಿಗಳ ಪೈಕಿ ಪುರಾನಾ ಕಿಲಾ ಒಂದನ್ನು ಬಿಟ್ಟರೆ ಉಳಿದ ಚಿತ್ರಗಳೆಲ್ಲ ಆಳುವವರು ಕಟ್ಟಿಸಿದ ಹೊಸ ನಿರ್ಮಾಣಗಳು. 1935ರಲ್ಲಿ ಐದನೆಯ ಜಾರ್ಜ್ ದೊರೆಯ ರಜತ ಮಹೋತ್ಸವ ಬಂದಾಗ ಅನೇಕ ಸಣ್ಣ ವಸಾಹತುಗಳು ವಿಂಡ್ಸರ್ ಕೋಟೆಯ ಒಂದೇ ಚಿತ್ರವನ್ನು ಹೆಸರು ಬದಲಿಸಿ ಹೊರಡಿಸಿದವು. ಅಂಥ ದ್ವೀಪಗಳಲ್ಲಿ ಬರೆಯುವವರಿಗಿಂತ ಕೊಳ್ಳುವ ಸಂಗ್ರಾಹಕರೇ ಮುಖ್ಯ. ಭಾರತದ ಏಳು ಚೀಟಿಗಳಲ್ಲಿಯಾದರೋ ದೊರೆಯ ಮುಖದ ಪಕ್ಕದಲ್ಲಿ ರಾಮೇಶ್ವರ, ತಾಜಮಹಲು, ಅಮೃತಸರದ ಸುವರ್ಣ ಮಂದಿರ, ಮಂಡಾಲೆಯ ಪಗೋಡ ಮೊದಲಾದುವು ನಿಂತವು. ಒಂದಾಣೆಯ ಚೀಟಿಯ ಮೇಲೆ ದೇವಾಲಯವೂ ಚಕ್ರವರ್ತಿಯೂ ಜೊತೆಗೂಡಿದುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ.

ಆ ಆಳ್ವಿಕೆಯ ಕಡೆಯ ಸ್ಮಾರಕ ಚೀಟಿಗಳು 1946ರ ಜನವರಿಯವು: ಯುದ್ಧವಿಜಯಕ್ಕಾಗಿ ಹೊರಟ ನಾಲ್ಕು. ಆ ಯುದ್ಧಕ್ಕೆ ಹೋದ ಸಿಪಾಯಿಯ ಸಂಬಳದ ಪಾಲು ಊರಿನ ಮನೆಗೆ ಬರುತ್ತಿದ್ದುದು ಮನಿಯಾರ್ಡರಿನ ಮೂಲಕ.